ನೆಗೆಟಿವ್ ವಾಪಸ್ ಕೊಡಿ ಸ್ವಾಮಿ!

"ನೆಗೆಟಿವ್ ಬೇಕಿತ್ತಾ ಸರ್ ನಿಮ್ಗೆ?"

ಫೋನಿನ ಆ ಕಡೆಯಿಂದ ಬಂದ ಈ ಪ್ರಶ್ನೆಗೆ ಏನು ಹೇಳಬೇಕೋ ಒಂದು ಕ್ಷಣ ತೋಚಲಿಲ್ಲ. ದರ್ಜಿ ಹತ್ತಿರ ಬಟ್ಟೆ ಹೊಲಿಯಲು ಕೊಟ್ಟು ಬಂದಿರುತ್ತೀರಿ. ಆತ ಹೊಲಿದ ಅಂಗಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ. ಆಮೇಲೆ ನೀವು ಫೋನ್ ಮಾಡಿದರೆ "ಅಂಗಿ ಬೇಕಿತ್ತಾ ಸರ್?" ಅಂತಾನೆ. ಹಾಗಾಯಿತು ನನ್ನ ಕತೆ.

"ಬೇಕಿತ್ತು" ಅಂದೆ.

"ಎರಡು ತಿಂಗಳ ಮೇಲೆ ಇಟ್ಕೊಳ್ಳಲ್ಲ ಸರ್. ಯಾರೂ ಬರಲ್ಲ ತಗೊಳ್ಳೋಕೆ. ಸ್ಕ್ಯಾನ್ ಕಳಿಸಿದ್ವಲ್ಲ?"

ಕಳಿಸಿದ್ದರು, ಇಲ್ಲ ಅನ್ನಲ್ಲ. 72 ಜೆಪೆಗ್ ಫೈಲುಗಳು, ಒಂದೊಂದೂ 1800 ಪಿಕ್ಸೆಲ್ ಅಗಲ. ಅಷ್ಟೇ ಈಗ ಉಳಿದಿರುವುದು.

ಆ ಎರಡು ರೀಲುಗಳಲ್ಲಿ ಇದ್ದದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆ. 2023ರ ಏಪ್ರಿಲ್‌ನಲ್ಲಿ, ಅದನ್ನು ಕೆಡವುವ ಹಿಂದಿನ ವಾರ, ಎರಡು ದಿನ ರಜೆ ಹಾಕಿ ಊರಿಗೆ ಹೋಗಿ ತೆಗೆದದ್ದು. ಜಗುಲಿ, ನಡುಮನೆ, ಬಚ್ಚಲೊಲೆ, ಹೊಗೆ ಕುಡಿದು ಕಪ್ಪಾದ ಅಟ್ಟದ ತೊಲೆಗಳು. ಜಗುಲಿಯ ಒಳಗೋಡೆಯ ಮೇಲೆ ಅಜ್ಜ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಅಡಿಕೆ ಲೆಕ್ಕ ಇತ್ತು: ಯಾರಿಗೆ ಎಷ್ಟು ಮಣ, ಯಾರ ಬಾಕಿ ಎಷ್ಟು. ಮನೆಗೆ ಸುಣ್ಣ ಹೊಡೆಸುವಾಗ ಪ್ರತೀಸಲ ಆ ಜಾಗವೊಂದನ್ನು ಬಿಟ್ಟು ಹೊಡೆಸುತ್ತಿದ್ದರು. ಅದನ್ನೂ ತೆಗೆದಿದ್ದೆ. ಸ್ಕ್ಯಾನಿನಲ್ಲಿ ನೋಡಿದರೆ ಅಲ್ಲಿ ಒಂದು ಬಿಳಿ ಗೋಡೆ ಇದೆ. ಬರೀ ಬಿಳಿ ಗೋಡೆ. ಅಕ್ಷರ ಇಲ್ಲ.

ಆ ಅಕ್ಷರ ನೆಗೆಟಿವ್‌ನಲ್ಲಿ ಇದ್ದೇ ಇತ್ತು ಅಂತ ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೂ ಹೌದು. ರೀಲು ಕೊಡುವಾಗ "ನೆಗೆಟಿವ್ ವಾಪಸ್ ಬೇಕು" ಅಂತ ನಾನು ಹೇಳಲಿಲ್ಲ. ಸ್ಕ್ಯಾನ್ ಬಂತು, ನಾಲ್ಕು ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಿದೆ, ಕೆಳಗೆ ಅದೇನೋ "ನೆನಪುಗಳು" ಅಂತ ಬರೆದೆ, ನೂರಾ ಚಿಲ್ಲರೆ ಲೈಕು ಬಂತು, ಮರೆತೆ. ಹದಿನಾಲ್ಕು ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ. ಹಾಗಾಗಿ ಈ ಬರಹದಲ್ಲಿ ಯಾರನ್ನು ಬೈದರೂ ಅದರಲ್ಲಿ ನನಗೊಂದು ಪಾಲು ಇದೆ ಅಂತಲೇ ಓದಿಕೊಳ್ಳಿ.

ಅಂದಹಾಗೆ, ನಾನು "ರೀಲು" ಅಂದಾಗಲೆಲ್ಲ ಅದು ಕ್ಯಾಮೆರಾದ ರೀಲು. ನಮ್ಮೂರಲ್ಲಿ ಫಿಲ್ಮಿಗೆ ರೀಲು ಅಂತಲೇ ಹೇಳುತ್ತಿದ್ದದ್ದು, ಡೆವಲಪ್ ಮಾಡಿಸುವುದಕ್ಕೆ ತೊಳೆಸುವುದು ಅಂತ, ಪ್ರಿಂಟಿಗೆ ಕಾಪಿ ಅಂತ. "ರೀಲು ತೊಳೆಸಿ ಎರಡೆರಡು ಕಾಪಿ ಹಾಕಿಸು." ಈಗ ಆಫೀಸಿನಲ್ಲಿ ರೀಲು ಅಂದರೆ ಹದಿನೈದು ಸೆಕೆಂಡು ಕುಣಿಯುವುದು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಇರಲಿ.

ಈಗ ಬೆಂಗಳೂರಿನಲ್ಲಿ ಮತ್ತೆ ಫಿಲ್ಮಿನ ಹುಚ್ಚು ಶುರುವಾಗಿದೆಯಲ್ಲ, ಅದರ ಬಗ್ಗೆ ನನ್ನ ತಕರಾರು. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋದರೆ ಕೊರಳಲ್ಲಿ ಹಳೇ ಕ್ಯಾಮೆರಾ ನೇತು ಹಾಕಿಕೊಂಡ ನನ್ನ ವಯಸ್ಸಿನವರು, ನನಗಿಂತ ಚಿಕ್ಕವರು ಸಿಗುತ್ತಾರೆ. ಒಳ್ಳೆಯದೇ. ನಾನೂ ಅವರಲ್ಲೊಬ್ಬ, ನನ್ನ ಕೊರಳಲ್ಲಿ ಸೆಕೆಂಡ್ ಹ್ಯಾಂಡ್ ಪೆಂಟ್ಯಾಕ್ಸ್ ಕೆ1000. ಒಂದು ಕೊಡಾಕ್ ಗೋಲ್ಡ್ 200 ಅಥವಾ ಕಲರ್‌ಪ್ಲಸ್ 200 ಸಾವಿರ ರೂಪಾಯಿ ಆಸುಪಾಸಿಗೆ ಕೊಂಡು, ತೊಳೆಸಿ ಸ್ಕ್ಯಾನ್ ಮಾಡಿಸಲು ಇನ್ನೊಂದು ಐನೂರು ಚಿಲ್ಲರೆ ಕೊಟ್ಟು, ಕ್ಲಿಕ್ಕಿಗೆ ನಲವತ್ತು ರೂಪಾಯಿ ಸುಟ್ಟು, ಕೊನೆಗೆ ಫೋನಿಗೆ ಬರುವ ಜೆಪೆಗ್ ನೋಡಿ "ಆಹಾ, ಫಿಲ್ಮ್ ಲುಕ್!" ಅನ್ನುತ್ತೇವೆ. ನೆಗೆಟಿವ್ ಎಲ್ಲಿದೆ ಅಂತ ಕೇಳಿದರೆ ಹತ್ತರಲ್ಲಿ ಏಳೆಂಟು ಜನ ಮುಖ ಮುಖ ನೋಡುತ್ತಾರೆ. "ಲ್ಯಾಬಲ್ಲೇ ಇರ್ಬೇಕು ಮಗಾ." ಇದು ನಾನು ಸಮೀಕ್ಷೆ ಮಾಡಿ ಹೇಳುತ್ತಿರುವುದಲ್ಲ, ಫೋಟೋ ವಾಕ್ ಮುಗಿಸಿ ಕಾಫಿ ಕುಡಿಯುವಾಗ ಕೇಳಿದ್ದು.

ಅಲ್ಲಾ ಸ್ವಾಮಿ, ಜೆಪೆಗ್ಗೇ ಬೇಕಿದ್ದರೆ ಫೋನು ಏನು ಪಾಪ ಮಾಡಿತ್ತು? ಅದೂ ಜೆಪೆಗ್ಗೇ ಕೊಡುತ್ತದೆ, ಪುಕ್ಕಟೆ ಕೊಡುತ್ತದೆ, ಒಂದು ಆಪ್ ಹಾಕಿಕೊಂಡರೆ ಅಕ್ಕಿ ಚೆಲ್ಲಿದ ಹಾಗೆ ಗ್ರೇನ್ ಉದುರಿಸಿಯೂ ಕೊಡುತ್ತದೆ.

ಈ "ಫಿಲ್ಮ್ ಲುಕ್" ಅನ್ನುವ ಮಾತು ಇದೆಯಲ್ಲ, ಅದರಷ್ಟು ನನಗೆ ಕೆರಳಿಸುವ ಮಾತು ಇನ್ನೊಂದಿಲ್ಲ. ಮಾಸಿದ ಬಣ್ಣ, ಹಸಿರು ಬೂದಿ ಕಲಸಿದ ಹಾಗಿರುವ ನೆರಳು, ಮರಳು ಮರಳು ಗ್ರೇನು. ಇದು ಫಿಲ್ಮಿನ ಲುಕ್ಕಲ್ಲ. ಬೆಳಕು ಸಾಲದೆ ಹಸಿದು ಸತ್ತ ಫಿಲ್ಮಿನ ಲುಕ್ಕು. ಬಣ್ಣದ ನೆಗೆಟಿವ್‌ಗೆ ಬೆಳಕು ಹೆಚ್ಚಾದರೆ ಅದು ಸಹಿಸಿಕೊಳ್ಳುತ್ತದೆ, ಎರಡು ಮೂರು ಸ್ಟಾಪ್ ಹೆಚ್ಚು ಬಿದ್ದರೂ ಅಷ್ಟೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಕಡಿಮೆಯಾದರೆ ಮಾತ್ರ ನೆರಳಿನ ಭಾಗದಲ್ಲಿ ಏನೂ ದಾಖಲಾಗುವುದಿಲ್ಲ. ಆಗ ಸ್ಕ್ಯಾನರು ಇಲ್ಲದ್ದನ್ನು ಎಳೆದೆಳೆದು ತೋರಿಸಲು ಹೋಗಿ ಈ ಕೊಳೆ ಬಣ್ಣ ಬರುತ್ತದೆ. ಡಿಜಿಟಲ್‌ನದು ಇದಕ್ಕೆ ಉಲ್ಟಾ: ಅಲ್ಲಿ ಬೆಳಕು ಹೆಚ್ಚಾದರೆ ಹೋಯಿತು, ಬಿಳಿ ಅಂದರೆ ಬಿಳಿ, ವಾಪಸ್ ಬರಲ್ಲ. ಅದರ ಅಭ್ಯಾಸದಿಂದಲೇ ನಮ್ಮವರು ಫಿಲ್ಮಿಗೂ ಹೆದರಿ ಹೆದರಿ ಕತ್ತಲೆ ಕೊಡುತ್ತಾರೆ. 1980ರ 90ರ ದಶಕದ ಯಾವುದಾದರೂ ಮದುವೆ ಆಲ್ಬಮ್ ಕೆಡದೆ ಉಳಿದಿದ್ದರೆ ತೆಗೆದು ನೋಡಿ. ಧಾರೆ ಸೀರೆಯ ಕೆಂಪು ಕೆಂಪಾಗೇ ಇರುತ್ತದೆ, ಬಾಳೆಲೆ ಹಸಿರಾಗೇ ಇರುತ್ತದೆ. ಮಸುಕು ಬರಲಿ ಅಂತ ಯಾವ ಸ್ಟುಡಿಯೋದವನೂ ಫೋಟೋ ತೆಗೆಯಲಿಲ್ಲ, ಯಾವ ಮದುಮಗಳ ಅಪ್ಪನೂ ಅದಕ್ಕೆ ದುಡ್ಡು ಕೊಡಲಿಲ್ಲ.

ಇನ್ನೊಂದು ಮಾತು ಬರುತ್ತದೆ, "ನೋ ಎಡಿಟ್, ನೋ ಫಿಲ್ಟರ್, ಸೀದಾ ಫಿಲ್ಮಿಂದ" ಅಂತ. ಸೀದಾ ಫಿಲ್ಮಿಂದ ಬರುವ ಚಿತ್ರ ಹೇಗಿರುತ್ತದೆ ಗೊತ್ತಾ? ಎಲ್ಲ ಕಿತ್ತಳೆ ಬಣ್ಣ, ಮುಖ ಕಪ್ಪು, ಕೂದಲು ಬಿಳಿ!

ಆ ಕಿತ್ತಳೆ ಬಣ್ಣದ್ದೇ ಒಂದು ಸೊಗಸಾದ ಕತೆ, ಸಾಫ್ಟ್‌ವೇರ್‌ನವರಿಗಂತೂ ಇಷ್ಟವಾಗುತ್ತದೆ. ಫಿಲ್ಮಿನಲ್ಲಿ ಹಳದಿ, ಮೆಜೆಂಟಾ, ಸಯಾನ್ ಅಂತ ಮೂರು ಬಣ್ಣದ ಪದರಗಳು. ಆದರೆ ಈ ಬಣ್ಣಗಳು ಶುದ್ಧವಲ್ಲ. ಮೆಜೆಂಟಾ ಹಸಿರು ಬೆಳಕನ್ನು ಮಾತ್ರ ತಡೆಯಬೇಕು, ಆದರೆ ಸ್ವಲ್ಪ ನೀಲಿಯನ್ನೂ ತಡೆದುಬಿಡುತ್ತದೆ. ಸಯಾನ್‌ದೂ ಅಂಥದ್ದೇ ಬುದ್ಧಿ. ಶುದ್ಧ ಬಣ್ಣ ತಯಾರಿಸಲು ಸಾಧ್ಯವಾಗಲಿಲ್ಲ. ಆಗ ಕೊಡಾಕ್‌ನ ವೆಸ್ಲಿ ಹ್ಯಾನ್ಸನ್ 1940ರ ದಶಕದಲ್ಲಿ ಒಂದು ಉಪಾಯ ಮಾಡಿದ. ತಪ್ಪನ್ನು ತೆಗೆಯಲಾಗದಿದ್ದರೆ ತಪ್ಪು ಇಲ್ಲದ ಕಡೆಯೂ ಅಷ್ಟೇ ತಪ್ಪನ್ನು ಹಾಕಿಬಿಡುವುದು! ಬಣ್ಣವಾಗದೆ ಉಳಿದ ರಾಸಾಯನಿಕಕ್ಕೇ ತಿಳಿಹಳದಿ, ತಿಳಿಗೆಂಪು ಬಣ್ಣ ಕೊಟ್ಟ. ಈಗ ತಪ್ಪು ಇಡೀ ಫಿಲ್ಮಿನ ತುಂಬ ಒಂದೇ ಸಮ. ಒಂದೇ ಸಮ ಇರುವ ತಪ್ಪನ್ನು ಕಾಪಿ ಹಾಕುವಾಗ ಒಂದೇ ಏಟಿಗೆ ಕಳೆದುಬಿಡಬಹುದು. ನೀವು ಕೋಡಿನಲ್ಲಿ ಎಷ್ಟು ಸಲ ಹೀಗೆ ಮಾಡಿಲ್ಲ, ಎದೆ ಮುಟ್ಟಿ ಹೇಳಿ :)

ಅಂದರೆ ಏನಾಯಿತು? ಆ ಕಿತ್ತಳೆಯನ್ನು ಕಳೆಯಬೇಕು, ತಿರುಗುಮುರುಗು ಮಾಡಬೇಕು, ಎಷ್ಟು ಬೆಳಕು ಎಷ್ಟು ಬಣ್ಣ ಅಂತ ಯಾರೋ ತೀರ್ಮಾನಿಸಬೇಕು. ಹಿಂದೆ ಸ್ಟುಡಿಯೋದಲ್ಲಿ ಪ್ರಿಂಟರ್ ಮುಂದೆ ಕೂತ ಮನುಷ್ಯ ತೀರ್ಮಾನಿಸುತ್ತಿದ್ದ, ಈಗ ನೊರಿತ್ಸುವೋ ಫ್ರಾಂಟಿಯರೋ ಸ್ಕ್ಯಾನರಿನ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಎರಡೂ ಎಡಿಟ್ಟೇ. ಹಳೇ ಕಾಲದವರಂತೂ ಮುಗ್ಧರೇನಲ್ಲ. ಅಮೆರಿಕದ ಲ್ಯಾಬುಗಳಲ್ಲಿ ಚರ್ಮದ ಬಣ್ಣ ಸರಿಯಿದೆಯಾ ಅಂತ ಹೋಲಿಸಿ ನೋಡಲು ಇಟ್ಟುಕೊಳ್ಳುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ಬಹಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ನಮ್ಮಂಥ ಕಂದು ಚರ್ಮದವರು ಆ ಲೆಕ್ಕದಲ್ಲಿ ಇರಲೇ ಇಲ್ಲ. ಹಾಗಾಗಿ 'ಸೀದಾ ಫಿಲ್ಮಿಂದ' ಅನ್ನುವ ಶುದ್ಧ ಚಿತ್ರ ಎಂದೂ ಇರಲಿಲ್ಲ. ಇದ್ದದ್ದು ನೆಗೆಟಿವ್, ಮತ್ತು ಅದನ್ನು ಆ ದಿನ ಆ ಯಂತ್ರ ಓದಿದ ರೀತಿ. ನಾವು ಓದಿದ್ದನ್ನು ಇಟ್ಟುಕೊಂಡು ಬರೆದದ್ದನ್ನು ಕಸಕ್ಕೆ ಹಾಕುತ್ತಿದ್ದೇವೆ. ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಬಿಲ್ಡ್ ಇಟ್ಟುಕೊಂಡು ಸೋರ್ಸ್ ಕೋಡ್ ಡಿಲೀಟ್ ಮಾಡಿ, "ಅಪ್ಲಿಕೇಶನ್ ಓಡ್ತಿದೆಯಲ್ಲ ಬಿಡಿ" ಅನ್ನುವುದು. ಆಫೀಸಿನಲ್ಲಿ ಹೀಗೆ ಮಾಡಿದವನನ್ನು ಅದೇ ದಿನ ಮನೆಗೆ ಕಳಿಸುತ್ತಾರೆ.

ಇಷ್ಟೆಲ್ಲ ತಿಳುವಳಿಕೆ ನನಗೆ ಹುಟ್ಟಿನಿಂದ ಬಂದದ್ದಲ್ಲ. 2024ರ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮ ಒಂದು ಗೋಣಿಚೀಲ ಕೊಟ್ಟಳು. ಹಳೇ ಮನೆ ಕೆಡವುವಾಗ ಅಟ್ಟದಿಂದ ಇಳಿಸಿದ ಸಾಮಾನು, ಬೇಕಾದ್ದು ಇಟ್ಕೋ ಉಳಿದದ್ದು ಬಿಸಾಕು ಅಂದಳು. ಅದರಲ್ಲೊಂದು ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆ ಸ್ಟುಡಿಯೋದ ಹೆಸರಿದ್ದ ಕಾಗದದ ಕವರುಗಳು, ಕವರಿನೊಳಗೆ ನಾಲ್ಕು ನಾಲ್ಕು ಫ್ರೇಮಿನ ನೆಗೆಟಿವ್ ತುಂಡುಗಳು. ಮಲೆನಾಡಿನ ತಂಡಿಯಲ್ಲಿ ಇವು ಬೂಸ್ಟು ಹಿಡಿಯದೆ ಉಳಿದದ್ದೇ ಆಶ್ಚರ್ಯ. ಫಿಲ್ಮಿನ ಮೇಲಿನ ಪದರ ಜೆಲಾಟಿನ್, ಬೂಸ್ಟಿಗೆ ಅದು ಹಬ್ಬದೂಟ. ಅಡುಗೆಮನೆ ಅಟ್ಟದಲ್ಲಿ, ಒಲೆಯ ಹೊಗೆ ಸದಾ ಆಡುತ್ತಿದ್ದ ಜಾಗದಲ್ಲಿ ಇದ್ದದ್ದರಿಂದ ಒಣಗಿದ ಹಾಗೇ ಇದ್ದವು ಅಂತ ಕಾಣುತ್ತದೆ. ಆಲ್ಬಮ್ಮುಗಳಿಗೆ ಆ ಅದೃಷ್ಟ ಇರಲಿಲ್ಲ. ಅವು ಗೌರವದಿಂದ ನಡುಮನೆಯ ಕಪಾಟಿನಲ್ಲಿದ್ದವು, ಗೌರವದಿಂದಲೇ ಕೊಳೆತವು. ಫೋಟೋಗಳೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಕಿತ್ತರೆ ಮುಖವೇ ಕಿತ್ತು ಬರುತ್ತಿತ್ತು.

ಅಜ್ಜಿಯ ಒಂದು ಫೋಟೋ ಇತ್ತು. 2001ರಲ್ಲಿ ಚಿಕ್ಕಪ್ಪ ತನ್ನ ಕೊಡಾಕ್ ಕೆಬಿ10ರಲ್ಲಿ ತೆಗೆದದ್ದು. ಆ ಕ್ಯಾಮೆರಾ ನೆನಪಿದೆಯಲ್ಲ? ನೆನಪಿರುವವರು ಕೈ ಎತ್ತಿ! ಫೋಕಸ್ ಮಾಡುವ ಹಾಗಿಲ್ಲ, ಅಪರ್ಚರ್ ಬದಲಿಸುವ ಹಾಗಿಲ್ಲ, ಒತ್ತಿದರೆ ಫೋಟೋ. ಅಜ್ಜಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಾಳೆ, ಮಧ್ಯಾಹ್ನದ ಬಿಸಿಲು, ಏನೋ ಮಾತಿಗೆ ನಗುತ್ತಿದ್ದಾಳೆ. ಅಜ್ಜಿ ನಗುತ್ತಿರುವ ಫೋಟೋ ಅಂತ ನಮ್ಮ ಮನೆಯಲ್ಲಿರುವುದು ಅದೊಂದೇ. ಆದರೆ ಕಾಪಿಯಲ್ಲಿ ಅಜ್ಜಿಯ ಮುಖ ಅರ್ಧ ಬಿಳುಚಿಹೋಗಿತ್ತು, ಸೀರೆಯಂತೂ ಬಿಳಿ ಬಟ್ಟೆಯ ಗಂಟು. "ಕ್ಯಾಮೆರಾ ಸರಿ ಇಲ್ಲ, ಅಗ್ಗದ್ದು" ಅಂತ ಚಿಕ್ಕಪ್ಪನಿಗೆ ಎಲ್ಲರೂ ತಮಾಷೆ ಮಾಡುತ್ತಿದ್ದರು. 2004ರಲ್ಲಿ ಅಜ್ಜಿ ತೀರಿಕೊಂಡಳು. ಆಮೇಲೆ ಆ ಕಾಪಿಯೂ ಆಲ್ಬಮ್ಮಿನ ಜೊತೆ ಹೋಯಿತು.

ಡಬ್ಬದಲ್ಲಿ ಅದರ ನೆಗೆಟಿವ್ ಸಿಕ್ಕಿತು. ಅಂಚಿನಲ್ಲಿ 'ಕೊನಿಕಾ' ಅಂತ ಅಚ್ಚಾಗಿತ್ತು, ಆಗ ಸಿಗುತ್ತಿದ್ದ ಅಗ್ಗದ ಮಾಮೂಲಿ ರೀಲು. ಬೆಂಗಳೂರಿಗೆ ತಂದು ಲೈಟ್ ಪ್ಯಾನೆಲ್ ಮೇಲಿಟ್ಟು, ಗೆಳೆಯನ ಮ್ಯಾಕ್ರೋ ಲೆನ್ಸ್ ಎರವಲು ಪಡೆದು, ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ತಿರುಗಿಸಿದೆ. ಸೀರೆ ಬಂತು. ತಿಳಿ ಹಳದಿ ವಾಯಿಲ್ ಸೀರೆ, ಮೈ ತುಂಬ ಸಣ್ಣ ಸಣ್ಣ ನೀಲಿ ಹೂವು. ಮುಖದ ಸುಕ್ಕು, ಮೂಗುತಿ, ಕೈಗೆ ಅಂಟಿದ ಅಡಿಕೆಯ ಚೊಗರು, ಎಲ್ಲ ಇತ್ತು.

ಅಗ್ಗದ ಕ್ಯಾಮೆರಾ ತಪ್ಪು ಮಾಡಿರಲಿಲ್ಲ. ಅಗ್ಗದ ರೀಲೂ ತಪ್ಪು ಮಾಡಿರಲಿಲ್ಲ. ಆಗಿದ್ದಿಷ್ಟೇ: ಸ್ಟುಡಿಯೋ ಯಂತ್ರ ಇಡೀ ಫ್ರೇಮಿನ ಸರಾಸರಿ ಬೆಳಕು ನೋಡಿ ಕಾಪಿ ಹಾಕುತ್ತದೆ. ಅಜ್ಜಿಯ ಹಿಂದೆ ಜಗುಲಿಯ ಕತ್ತಲೆ ಫ್ರೇಮಿನ ಮುಕ್ಕಾಲು ಭಾಗ ತುಂಬಿತ್ತು. ಯಂತ್ರ ಆ ಕತ್ತಲೆಯನ್ನು ಬೆಳ್ಳಗೆ ಮಾಡಲು ಹೋಗಿ ಬಿಸಿಲಲ್ಲಿದ್ದ ಅಜ್ಜಿಯನ್ನು ಸುಟ್ಟುಹಾಕಿತು. ನೆಗೆಟಿವ್ ಹಿಡಿದಿಟ್ಟುಕೊಂಡಷ್ಟು ಬೆಳಕು ನೆರಳು ಕಾಪಿಯ ಕಾಗದಕ್ಕೆ ಹಿಡಿಯುವುದೂ ಇಲ್ಲ. ಲೋಟಕ್ಕೆ ಹಿಡಿಯದ್ದು ಕೊಡದಲ್ಲಿ ಇತ್ತು.

ಫೋನಿನಲ್ಲಿ ಅಮ್ಮನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು.

"ಇದು ನಾನು ಶಿವಮೊಗ್ಗದಿಂದ ತಂದುಕೊಟ್ಟ ಸೀರೆ ಕಣೋ. ಅತ್ತೆ ಇದನ್ನ ಉಡಲೇ ಇಲ್ಲ, ಯಾರಿಗೋ ಕೊಟ್ಟುಬಿಟ್ರು ಅಂದ್ಕೊಂಡಿದ್ದೆ."

ಆ ಫೋಟೋ ತೆಗೆದಾಗ ಅಮ್ಮ ತಂಗಿಯನ್ನು ಹೆತ್ತು ಬಾಣಂತನಕ್ಕೆ ತವರಲ್ಲಿದ್ದಳು. ಕಾಪಿಯನ್ನು ಆಮೇಲೆ ಎಷ್ಟು ಸಲ ನೋಡಿದ್ದಾಳೋ. ಬಿಳಿ ಗಂಟಿನಲ್ಲಿ ತನ್ನ ಸೀರೆ ಇದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಅದೇ ದಿನ ಸಂಜೆ ನಾನು ಲ್ಯಾಬಿಗೆ ಫೋನ್ ಮಾಡಿದ್ದು. ಅಜ್ಜನ ಲೆಕ್ಕದ ಗೋಡೆ ನೆನಪಾಗಿ.

ಮುಂದಿನದು ನಿಮಗೆ ಗೊತ್ತಿದೆ.

ಈಗ "ಅಗ್ಗ" ಅನ್ನುವ ಮಾತಿಗೆ ಬರೋಣ. ಇಲ್ಲಿ ಇನ್ನೊಂದು ಪಂಗಡ ಇದೆ, ಅವರ ಮೇಲೂ ನನಗೆ ಸಿಟ್ಟಿದೆ. "ಗೋಲ್ಡ್, ಕಲರ್‌ಪ್ಲಸ್ ಎಲ್ಲ ಟೂರಿಸ್ಟ್ ಫಿಲ್ಮು, ಸೀರಿಯಸ್ಸಾಗಿ ತೆಗೆಯೋದಾದ್ರೆ ಪೋರ್ಟ್ರಾ ಹಾಕು" ಅನ್ನುವವರು. ಪೋರ್ಟ್ರಾ ಒಳ್ಳೆಯ ಫಿಲ್ಮೇ, ಗ್ರೇನ್ ನಯ, ಚರ್ಮದ ಬಣ್ಣ ಹದ, ಯಾರು ಬೇಡ ಅಂದರು? ಆದರೆ ಎರಡೂ ಬೀಳುವುದು ಒಂದೇ ತೊಟ್ಟಿಗೆ. 1972ರಲ್ಲಿ ಕೊಡಾಕ್ ತಂದ ಸಿ-41 ಅನ್ನುವ ವಿಧಾನ, 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡು ಡೆವಲಪರ್. ಒಂದು ರೀಲಿಗೆ ಎಷ್ಟು ದುಡ್ಡು ಕೊಟ್ಟಿರಿ ಅಂತ ಆ ನೀರು ಕೇಳುವುದಿಲ್ಲ.

ಪ್ರೊಫೆಷನಲ್ ಫಿಲ್ಮು ಅಂದರೆ ತಂಪಿನಲ್ಲಿಟ್ಟು, ಬೇಗ ಬಳಸಿ, ಅಳತೆ ಮಾಡಿ ಬೆಳಕು ಕೊಡುವವನಿಗೆ ಮಾಡಿದ್ದು. ಅಗ್ಗದ ರೀಲು ಮಾಡಿದ್ದು ನಮ್ಮ ಚಿಕ್ಕಪ್ಪನಿಗೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ, ಕ್ಯಾಮೆರಾದೊಳಗೆ ಗಣೇಶನ ಹಬ್ಬದಿಂದ ಯುಗಾದಿಯವರೆಗೆ ಇರುತ್ತದೆ, ಒಂದೇ ರೀಲಿನಲ್ಲಿ ತೊಟ್ಟಿಲು ಶಾಸ್ತ್ರ, ಜೋಗ, ಶಾಲೆಯ ವಾರ್ಷಿಕೋತ್ಸವ ಮೂರೂ ಇರುತ್ತವೆ, ಬೆಳಕು ಅಳೆಯುವುದು ಅಂದರೆ ಏನಂತ ತೆಗೆಯುವವನಿಗೆ ಗೊತ್ತಿರುವುದಿಲ್ಲ. ಇದನ್ನೆಲ್ಲ ಮೊದಲೇ ಊಹಿಸಿ, ಇವನು ತಪ್ಪು ಮಾಡೇ ಮಾಡುತ್ತಾನೆ ಅಂತ ತಿಳಿದು ಮಾಡಿದ ವಸ್ತು ಅದು. ಲೆನ್ಸೂ ಶಟರ್ರೂ ಬದಲಾಯಿಸಲಾಗದ ಬಿಸಾಡುವ ಕ್ಯಾಮೆರಾವನ್ನು ಫ್ಯೂಜಿ 1986ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದೂ ಈ ಗುಣದ ಭರವಸೆಯ ಮೇಲೇ. ಎಂಜಿನಿಯರಿಂಗ್ ಓದಿದವನಾಗಿ ಹೇಳುತ್ತೇನೆ, ಪರಿಣತನ ಕೈಯಲ್ಲಿ ಚೆನ್ನಾಗಿ ಕೆಲಸ ಮಾಡುವುದನ್ನು ತಯಾರಿಸುವುದು ಸುಲಭ. ಗೊತ್ತಿಲ್ಲದವನ ಕೈಯಲ್ಲೂ ಕೆಲಸ ಕೆಡದ ಹಾಗೆ ತಯಾರಿಸುವುದು ಕಷ್ಟ. ನಮ್ಮ ಪೀಳಿಗೆಯವರ ಬಾಲ್ಯ ಎಲ್ಲ ಇರುವುದು ಇಂಥ ಟೂರಿಸ್ಟ್ ಫಿಲ್ಮಿನಲ್ಲೇ.

"ಅಷ್ಟೆಲ್ಲ ಯಾಕೆ, ಸ್ಕ್ಯಾನ್ ಕ್ಲೌಡಿನಲ್ಲಿ ಭದ್ರವಾಗಿರುತ್ತಲ್ಲ" ಅಂತ ನನ್ನ ಟೀಮಿನ ಹುಡುಗನೇ ವಾದಿಸಿದ. ದಿನಾ ಬೆಳಗಾದರೆ ಕ್ಲೌಡಿನ ಕೆಲಸವನ್ನೇ ಮಾಡುವವನು! ಆರ್ಕುಟ್‌ನಲ್ಲಿದ್ದ ಫೋಟೋ ಎಲ್ಲಿ ಮಾರಾಯ? 2014ರ ಸೆಪ್ಟೆಂಬರಿನಲ್ಲಿ ಅದು ಬಾಗಿಲು ಹಾಕಿತು. ಫ್ಲಿಕರ್ 2018ರಲ್ಲಿ ಪುಕ್ಕಟೆ ಖಾತೆಗೆ ಸಾವಿರ ಫೋಟೋ ಮಿತಿ ಅಂತ ಘೋಷಿಸಿತು. ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಇತ್ತ ಅಜ್ಜಿಯ ನೆಗೆಟಿವ್ ಕತೆ ನೋಡಿ. ಕೊನಿಕಾ ಮಿನೋಲ್ಟಾ ಕಂಪನಿ 2006ರಲ್ಲಿ ಫಿಲ್ಮು ಕ್ಯಾಮೆರಾ ಎರಡನ್ನೂ ಬಿಡುವುದಾಗಿ ಹೇಳಿತು. ಚಿಕ್ಕಪ್ಪನ ಕ್ಯಾಮೆರಾ ಬ್ಯಾಟರಿ ಸೋರಿ ಹಾಳಾಯಿತು. ಕಾಪಿ ಹಾಕಿದ ಸ್ಟುಡಿಯೋ ಜಾಗದಲ್ಲಿ ಈಗ ಮೊಬೈಲ್ ರೀಚಾರ್ಜ್ ಅಂಗಡಿ ಇದೆ. ಫೋಟೋ ತೆಗೆದ ಮನೆಯೂ ಇಲ್ಲ. ಇಷ್ಟೆಲ್ಲ ಹೋದ ಮೇಲೂ ಕಿಟಕಿಗೆ ಹಿಡಿದರೆ ಅಜ್ಜಿ ಕಾಣುತ್ತಾಳೆ, ಪಾಸ್‌ವರ್ಡ್ ಕೇಳದೆ.

ನೆಗೆಟಿವ್ ಅಮರ ಅಂತ ನಾನು ಹೇಳುತ್ತಿಲ್ಲ. ಬಣ್ಣದ ನೆಗೆಟಿವ್‌ನಲ್ಲಿ ಬೆಳ್ಳಿ ಉಳಿದಿರುವುದಿಲ್ಲ, ತೊಳೆಯುವಾಗ ಅದನ್ನೆಲ್ಲ ತೆಗೆದುಬಿಡುತ್ತಾರೆ, ಉಳಿಯುವುದು ಬರೀ ಬಣ್ಣ. ಬಣ್ಣ ಮಾಸುತ್ತದೆ. ಸೆಖೆಗೆ, ತೇವಕ್ಕೆ ಇನ್ನೂ ಬೇಗ ಮಾಸುತ್ತದೆ. ಅದೇ ಡಬ್ಬದಲ್ಲಿದ್ದ ಅಪ್ಪ ಅಮ್ಮನ ಮದುವೆಯ ಕೆಲವು ತುಂಡುಗಳಿಂದ ಎಷ್ಟು ಹೊಡೆದಾಡಿದರೂ ಸರಿಯಾದ ಬಣ್ಣ ತರಲಾಗಲಿಲ್ಲ, ನೆರಳೆಲ್ಲ ಒಂದು ಥರ ಕೆಂಪು ಹೊಡೆಯುತ್ತದೆ. ಅಷ್ಟಾದರೂ ಮುಖಗಳಿವೆ. ಸ್ಕ್ಯಾನೂ ಬೇಕು, ನೆಗೆಟಿವ್ವೂ ಬೇಕು. ಸ್ಕ್ಯಾನ್ ಇದೆ ಅಂತ ನೆಗೆಟಿವ್ ಬಿಸಾಡುವುದು ಮಾತ್ರ ನನಗೆ ಅರ್ಥವಾಗದ ಲೆಕ್ಕ.

ಲ್ಯಾಬಿನವರ ಪರವಾಗಿಯೂ ಎರಡು ಮಾತು. ಅವರು ಕೆಟ್ಟವರಲ್ಲ. ಅಷ್ಟೆಲ್ಲ ಮುಚ್ಚಿಹೋದ ಮೇಲೂ ಈ ಕೆಲಸ ಹಿಡಿದುಕೊಂಡಿದ್ದಾರೆ, ರಾಸಾಯನಿಕ ತರಿಸಬೇಕು, ಹಳೇ ಯಂತ್ರ ರಿಪೇರಿ ಮಾಡಿಕೊಳ್ಳಬೇಕು, ಸಣ್ಣ ಜಾಗದಲ್ಲಿ ನೂರಾರು ಜನರ ನೆಗೆಟಿವ್ ಎಷ್ಟು ದಿನ ಇಟ್ಟುಕೊಂಡಾರು? ಹೊರಊರಿನವರು ಕೊರಿಯರ್ ಖರ್ಚು ಯಾಕೆ ಅಂತ ಬೇಡ ಅನ್ನುತ್ತಾರೆ. ಎಲ್ಲ ಒಪ್ಪಿದೆ. ಆದರೆ ಬಿಸಾಡುವ ಮೊದಲು ಒಂದು ಮೆಸೇಜ್ ಹಾಕಲು ಎಷ್ಟು ಖರ್ಚಾಗುತ್ತದೆ? ಸ್ಕ್ಯಾನಿನ ಲಿಂಕ್ ಕಳಿಸಲು ನನ್ನ ನಂಬರ್ ಇತ್ತು, "ನಾಳೆ ಬಿಸಾಡುತ್ತೇವೆ" ಅನ್ನಲು ನಂಬರ್ ಇರಲಿಲ್ಲವಾ? ನೆಗೆಟಿವ್ ವಾಪಸ್ ಕೊಡುವುದು ಮಾಮೂಲಾಗಿರಬೇಕು, ಬೇಡ ಅನ್ನುವವನು ಬಾಯಿಬಿಟ್ಟು ಹೇಳಬೇಕು. ಈಗ ಇರುವುದು ತಿರುಗಾಮುರುಗಾ. ಐವತ್ತು ರೂಪಾಯಿ ಹೆಚ್ಚು ತಗೊಳ್ಳಿ, ನಾನು ಕೊಡುತ್ತೇನೆ. ನಮ್ಮೂರ ಸ್ಟುಡಿಯೋದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಪಿಯ ಜೊತೆ ನೆಗೆಟಿವ್ ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು ಕೊಡುತ್ತಿದ್ದರು. ಮುಂದೆ ಇನ್ನೊಂದು ಕಾಪಿ ಬೇಕಾದರೆ ತನ್ನ ಹತ್ತಿರವೇ ಬರುತ್ತಾರೆ ಅನ್ನುವ ವ್ಯಾಪಾರದ ಬುದ್ಧಿಯೂ ಇತ್ತು ಅನ್ನಿ.

ನಿಮ್ಮಲ್ಲಿ ಯಾರಾದರೂ ಈಚೆಗೆ ರೀಲು ತೊಳೆಸಲು ಕೊಟ್ಟಿದ್ದರೆ, ಇದನ್ನು ಓದುವುದು ಇಲ್ಲಿಗೇ ನಿಲ್ಲಿಸಿ ಮೊದಲು ಲ್ಯಾಬಿಗೆ ಒಂದು ಫೋನ್ ಮಾಡಿ. ನಿಜವಾಗಿ ಹೇಳುತ್ತಿದ್ದೇನೆ. ಸಿಕ್ಕಿದರೆ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಡುವುದಕ್ಕೆ ಬಿಡಬೇಡಿ, ಆರಾರು ಫ್ರೇಮಿಗೆ ಕತ್ತರಿಸಿ ಕವರಿಗೆ ಹಾಕಿಸಿಕೊಳ್ಳಿ. ಮೆತ್ತಗಿನ ಪಿವಿಸಿ ಕವರ್ ಬೇಡ, ಅದು ಕಾಲಕ್ರಮೇಣ ಅಂಟುತ್ತದೆ. ಪಾಲಿಪ್ರೊಪಿಲಿನ್ ಅಂತ ಕೇಳಿ. ಮಲೆನಾಡು, ಕರಾವಳಿಯವರಾದರೆ ಗಾಳಿಯಾಡದ ಡಬ್ಬ, ಜೊತೆಗೆ ಒಂದಿಷ್ಟು ಸಿಲಿಕಾ ಜೆಲ್. ಹೊಸ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಎಲ್ಲಿಂದ ತರೋಣ?

ನಾನೀಗ ರೀಲಿನ ಡಬ್ಬಿಯ ಮೇಲೇ ಮಾರ್ಕರಿನಲ್ಲಿ ಕನ್ನಡದಲ್ಲಿ ದಪ್ಪಗೆ ಬರೆಯುತ್ತೇನೆ, "ನೆಗೆಟಿವ್ ವಾಪಸ್ ಬೇಕು" ಅಂತ. ಈಗ ಕೊಡುತ್ತಿರುವ ಲ್ಯಾಬಿನ ಕೌಂಟರಿನಲ್ಲಿರುವ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಮೊದಲ ಸಲ ಇದೇನು ಅಂತ ಕೇಳಿದ, ಹೇಳಿದೆ. ಈಗ ಆ ಅಕ್ಷರ ಕಂಡ ಕೂಡಲೇ ತಾನೇ ಖಾಲಿ ಕವರ್ ಹುಡುಕಲು ಶುರು ಮಾಡುತ್ತಾನೆ.